ಸ್ಟ್ಯಾಂಡ್ ಇಲ್ಲದೆ ತೆಗೆದ ರೀಲು

ಈಚೆಗೆ ನನ್ನನ್ನು ಸಲಹೆ ಕೇಳುವವರು ಹುಟ್ಟಿಕೊಂಡಿದ್ದಾರೆ. ಅರಸೀಕೆರೆಯ ಕಾಲೇಜಿನಲ್ಲಿ ಇಷ್ಟು ವರ್ಷ ಇತಿಹಾಸ ಪಾಠ ಹೇಳಿದಾಗ ಒಂದು ಪ್ರಶ್ನೆಯನ್ನೂ ಕೇಳದ ಹುಡುಗ ಹುಡುಗಿಯರು, ನಾನು ನಿವೃತ್ತಳಾದ ಮೇಲೆ ಫೋನ್ ಮಾಡಿ ಕೇಳುತ್ತಾರೆ: "ಮೇಡಂ, ನಾನೂ ಒಂದು ಸೂಪರ್ ಎಯ್ಟ್ ಕ್ಯಾಮೆರಾ ತಗೊಂಡೆ. ಹೇಗೆ ಶುರು ಮಾಡೋದು?" ನಾನು ಇದುವರೆಗೆ ತೆಗೆದಿರುವುದು ಮೂರೇ ರೀಲು. ಎರಡು ಹಾಳಾದವು. ಮೂರನೆಯದು ಹಾಳೋ ಅಲ್ಲವೋ ಇನ್ನೂ ಇತ್ಯರ್ಥವಾಗಿಲ್ಲ. ಆದರೂ ಸಲಹೆ ಕೊಡುತ್ತೇನೆ. ಹಳ್ಳ ಎಲ್ಲಿದೆ ಅಂತ ಬಿದ್ದವರಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರುತ್ತದೆ? ಆದರೆ ಒಂದನ್ನೇ ಹೇಳಿ ಹೇಳಿ ಸುಸ್ತಾಗಿದೆ. ಬರೆದಿಟ್ಟರೆ ಬಾಯಿಗಾದರೂ ವಿಶ್ರಾಂತಿ ಸಿಕ್ಕೀತು.

ಕ್ಯಾಮೆರಾ ನಾನಾಗಿ ಹುಡುಕಿಕೊಂಡು ಹೋದದ್ದಲ್ಲ. ನಮ್ಮೂರಿನ ಹಳೆಯ ಫೋಟೋ ಸ್ಟುಡಿಯೋ ಮುಚ್ಚುವಾಗ ಅದರ ಯಜಮಾನರು, "ನೀವು ಹಳೇದರ ಪಾಠ ಮಾಡೋರು, ಇಟ್ಕೊಳ್ಳಿ" ಎಂದು ಕ್ಯಾಮೆರಾ, ಪ್ರೊಜೆಕ್ಟರು, ಮೂರು ಕಾಲಿನ ಸ್ಟ್ಯಾಂಡು ಎಲ್ಲವನ್ನೂ ಒಂದು ಗೋಣಿಚೀಲದಲ್ಲಿ ತಂದು ಜಗಲಿಯ ಮೇಲಿಟ್ಟು ಹೋದರು. ಇತಿಹಾಸದ ಮೇಷ್ಟರಿಗೆ ಜನ ಕೊಡುವುದೆಲ್ಲ ಹೀಗೇ. ಯಾರಿಗೂ ಬೇಡವಾದ ಮೇಲೆ ನಮಗೆ.

ಸೂಪರ್ ಎಯ್ಟ್ ಅಂದರೆ ಹಿಂದೆ ಮನೆಮಂದಿ ಬಳಸುತ್ತಿದ್ದ ಪುಟ್ಟ ಸಿನಿಮಾ ಕ್ಯಾಮೆರಾ. ಇದರ ರೀಲು ಕಿರುಬೆರಳಿನ ಉಗುರಿನಷ್ಟು ಅಗಲ. ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿಯೊಳಗೆ ಸುತ್ತಿಕೊಂಡಿರುತ್ತದೆ. ಒಂದು ಡಬ್ಬಿಗೆ ಹೆಚ್ಚುಕಡಿಮೆ ಮೂರು ನಿಮಿಷದ ಚಿತ್ರ. ನಮ್ಮ ಕಡೆ ದಾರಿಯಲ್ಲಿ ಇಬ್ಬರು ಸಿಕ್ಕರೆ ಊಟ ವಿಚಾರಿಸಿ, ಮಳೆ ವಿಚಾರಿಸಿ, ಮಾತು ಕಾಯಿ ರೇಟಿಗೆ ಬರುವ ಹೊತ್ತಿಗೆ ಮೂರು ನಿಮಿಷ ಮುಗಿದಿರುತ್ತದೆ. ಶಬ್ದ ಹಿಡಿಯುವುದಿಲ್ಲ. ತೆಗೆದದ್ದನ್ನು ಆಗಲೇ ನೋಡುವಂತಿಲ್ಲ. ದೂರದ ಲ್ಯಾಬಿಗೆ ಕಳಿಸಿ, ರೀಲು ತೊಳೆಸಿ, ತಿಂಗಳುಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಏನು ತೆಗೆದೆ ಅನ್ನುವುದೇ ಮರೆತಿರುತ್ತದೆ. ಮರೆಯದಿದ್ದರೆ ಇನ್ನೂ ಕಷ್ಟ, ತೆಗೆಯದೆ ಇದ್ದದ್ದೂ ನೆನಪಿಗೆ ಬಂದಿರುತ್ತದೆ.

ಹಾಗಾದರೆ ಕಿಸೆಯಲ್ಲೇ ಫೋನು ಇರುವಾಗ ಇದೆಲ್ಲ ಯಾಕೆ ಅಂತ ನೀವು ಕೇಳುತ್ತೀರಿ. ಅದಕ್ಕೆ ಅಕ್ಕನ ವಿಷಯ ಹೇಳಬೇಕು.

ಗಿರಿಜಕ್ಕನನ್ನು ಕಣಕಟ್ಟೆಗೆ ಕೊಟ್ಟಿದೆ. ತೆಂಗಿನ ತೋಟದ ಮನೆ. ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯಿ ವರ್ಷದ ಹತ್ತಿರ ಅಲ್ಲೇ ಕೂತಿರುತ್ತದೆ. ಒಳಗಿನ ನೀರು ಬತ್ತಿ, ಕೊಬ್ಬರಿ ಕರಟ ಬಿಟ್ಟಿದೆಯೇ ಇಲ್ಲವೇ ಎಂದು ತಿಳಿಯಲು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಲೊಟಲೊಟ ಅಂದರೆ ಒಡೆಯಬಹುದು. ಇನ್ನೂ ಕಳಕ್ ಅಂದರೆ ಅಟ್ಟಕ್ಕೆ ವಾಪಸ್ಸು. ನಮ್ಮ ಸೀಮೆಯ ಮಕ್ಕಳೂ ಮಾಡುವ ಕೆಲಸ ಇದು. ಆದರೆ ಅಕ್ಕ ಮಾಡುವಾಗ ನೋಡಬೇಕು. ಬಲಗೈ ಎತ್ತಿಕೊಳ್ಳುತ್ತದೆ, ಕಿವಿ ಒಂದು ಕ್ಷಣ ಓರೆಯಾಗುತ್ತದೆ, ಅಷ್ಟರಲ್ಲಿ ಎಡಗೈ ಮುಂದಿನ ಕಾಯಿಯ ಮೇಲಿರುತ್ತದೆ. ಮಾತಾಡುತ್ತಲೇ ಗುಡ್ಡೆ ಎರಡಾಗಿರುತ್ತದೆ.

ಅಂಥ ಬಲಗೈ ನಡುಗಲು ಶುರುವಾಯಿತು. ಯಾವಾಗ ಎಂದು ನನಗೆ ಸರಿಯಾಗಿ ಗೊತ್ತಿಲ್ಲ. ಅಕ್ಕ ಕಾಫಿ ಲೋಟ ಕೊಡುವಾಗ ಕಂಡೆ ಅಂತ ನನ್ನ ನೆನಪು. ಡೈರಿ ತೆಗೆದರೆ, ಅವಳ ಹಣೆಯ ಮೇಲಿನ ವಿಭೂತಿಯ ಮೂರು ಗೆರೆ ಅಂಕುಡೊಂಕಾಗಿದ್ದವು ಅಂತ ಬರೆದಿದ್ದೇನೆ, ಕಾಫಿಯ ಸುದ್ದಿಯೇ ಇಲ್ಲ. ಅಕ್ಕನನ್ನು ಕೇಳಿದರೆ, "ಅದುಕ್ಕೂ ಮುಂಚೇನೇ ಐತೆ ಕಣೇ, ನೀನು ನೋಡಿಲ್ಲ ಅಷ್ಟೆ" ಅಂದಳು. ಹಾಸನದ ಡಾಕ್ಟರು ಇದು ನರದ ಕಾಯಿಲೆ, ಮಾತ್ರೆಯಿಂದ ಹತೋಟಿಯಲ್ಲಿಡಬಹುದು, ವಾಸಿ ಮಾಡುವುದಲ್ಲ ಅಂದರು.

ಆ ಕೆಲಸ ಇನ್ನೂ ಅವಳ ಕೈಯಲ್ಲಿರುವಾಗಲೇ ಒಂದಿಷ್ಟು ಹಿಡಿದಿಡೋಣ ಎಂದು ನನ್ನ ಫೋನಿನಲ್ಲಿ ವಿಡಿಯೋ ಮಾಡಿದೆ. ಅಲ್ಲೇ ತೋರಿಸಿದೆ. ಅಕ್ಕ ಕನ್ನಡಕ ಏರಿಸಿಕೊಂಡು ನೋಡಿದಳು. ಫೋನಿನಲ್ಲಿ ಅಂಗಳ ನೆಟ್ಟಗಿತ್ತು, ಕಂಬ ನೆಟ್ಟಗಿತ್ತು, ಕಾಯಿಗುಡ್ಡೆ ನೆಟ್ಟಗಿತ್ತು. ಲೋಕದಲ್ಲಿ ಅಲ್ಲಾಡುತ್ತಿದ್ದದ್ದು ಅವಳ ಕೈಯೊಂದೇ.

"ಅಳಿಸ್ಬಿಡೇ" ಅಂದಳು.

ಅಳಿಸಿದೆ. ಆಮೇಲೆ ಅವಳು ನನ್ನ ಫೋನು ಕಂಡರೆ ಕೈಯನ್ನು ಸೆರಗಿನೊಳಗೆ ಇಟ್ಟುಕೊಳ್ಳುತ್ತಿದ್ದಳು. ನನಗೆ ಬೇಕಾದದ್ದು ಇಷ್ಟೆ: ಅಕ್ಕನ ಕೈ ಕೆಲಸ ಮಾಡುವುದನ್ನು, ಅಕ್ಕನೇ ನೋಡಿ ಅಳಿಸು ಅನ್ನದ ಹಾಗೆ, ಒಂದು ಸಲ ಹಿಡಿಯುವುದು. ನನ್ನ ನೆನಪನ್ನು ನೆಚ್ಚಿಕೊಂಡು ಕೂತರೆ, ಇನ್ನೈದು ವರ್ಷಕ್ಕೆ ಅದು ಅವಳ ಕೈಗೆ ಇಲ್ಲದ ಇನ್ನೊಂದು ಕಾಫಿ ಲೋಟ ಕೊಟ್ಟುಬಿಡುತ್ತದೆ. ಗೋಣಿಚೀಲದ ಕ್ಯಾಮೆರಾ ನೆನಪಾದದ್ದು ಆಗ.

ಇನ್ನು ಸಲಹೆ. ರೀಲಿನ ಡಬ್ಬಿಗಳನ್ನು ಫ್ರಿಜ್ಜಿನಲ್ಲಿಡಿ. ನನ್ನವು ಹುಣಸೆ ತೊಕ್ಕಿನ ಪಕ್ಕದಲ್ಲಿದ್ದವು. ತೆಗೆದ ಕೂಡಲೇ ಕ್ಯಾಮೆರಾಕ್ಕೆ ಹಾಕಬೇಡಿ. ತಂಪು ಇಳಿಯುವವರೆಗೆ ಮೇಜಿನ ಮೇಲಿಡಿ, ಇಲ್ಲದಿದ್ದರೆ ಬೆವರುತ್ತದೆ. ತೊಳೆದ ಮೇಲೆ ಪ್ರೊಜೆಕ್ಟರಿನಿಂದ ನೇರವಾಗಿ ಗೋಡೆಗೆ ಬಿಡಬಹುದಾದ ಬಗೆಯನ್ನೇ ಕೇಳಿ ತರಿಸಿ, ನೆಗೆಟಿವ್ ಬಗೆ ತಂದರೆ ಕಂಪ್ಯೂಟರಿಗೆ ಏರಿಸದೆ ನೋಡಲಾಗುವುದಿಲ್ಲ. ಮುಖ್ಯವಾಗಿ, ಮೊದಲ ರೀಲನ್ನು ಮನೆಯವರ ಮೇಲೆ ಪ್ರಯೋಗಿಸಬೇಡಿ.

ನಾನು ಪ್ರಯೋಗಿಸಿದೆ. ಕಣಕಟ್ಟೆಗೆ ಸಿನಿಮಾ ಕ್ಯಾಮೆರಾ ಬಂತು ಎಂದ ಕೂಡಲೇ ಭಾವ ಇಸ್ತ್ರಿ ಪಂಚೆ ಉಟ್ಟು, ಮನೆಮಂದಿಯನ್ನೆಲ್ಲ ಎತ್ತರಕ್ಕೆ ತಕ್ಕ ಹಾಗೆ ಗೋಡೆಗೆ ಸಾಲಾಗಿ ನಿಲ್ಲಿಸಿದರು.

"ಯಾರೂ ಅಲ್ಲಾಡ್ಬ್ಯಾಡ್ರಿ! ಉಸಿರು ಬಿಗಿ ಹಿಡ್ಕಳಿ!"

"ಭಾವ, ಅಲ್ಲಾಡಬೇಕು. ಇದು ಸಿನಿಮಾ."

"ಅಲ್ಲಾಡುದ್ರೆ ಏನಾಯ್ತದೆ ನಂಗೆ ಗೊತ್ತಿಲ್ವೇನವ್ವ? ನಮ್ಮ ಮದುವೆ ಫೋಟೋದಲ್ಲಿ ನಿಮ್ಮಕ್ಕ ಅಲ್ಲಾಡಿ ಎಲ್ಡು ತಲೆ ಬಂದವೆ."

"ಎಲ್ಡು ತಲೆ ಇದ್ದುದ್ಕೇ ಇವರ ಜತೆ ಇಷ್ಟು ವರ್ಸ ಬಾಳ್ವೆ ಮಾಡ್ದೆ" ಅಂದಳು ಅಕ್ಕ, ತುಟಿ ಅಲ್ಲಾಡಿಸದೆ.

ಆ ರೀಲು ತೊಳೆದು ಬಂದಾಗ ಮೂರು ನಿಮಿಷ ಒಂದು ಕುಟುಂಬ ಕದಲದೆ ನನ್ನನ್ನು ದಿಟ್ಟಿಸುತ್ತಿತ್ತು. ಅದರಲ್ಲಿ ನಟನೆ ಅಂತ ಮಾಡಿದ್ದು ಪಕ್ಕದಲ್ಲಿ ಬಾಲ ಬೀಸುತ್ತಿದ್ದ ಎಮ್ಮೆ ಮಾತ್ರ. ಅಕ್ಕನ ಕೈ ಸೆರಗಿನೊಳಗೇ ಇತ್ತು.

ಎರಡನೆಯ ರೀಲಿಗೆ, ಮನುಷ್ಯರು ಬೇಡ, ಕೈ ಪಳಗಿಸಿಕೊಳ್ಳೋಣ ಎಂದು ಬೇಲೂರಿಗೆ ಹೊರಟೆ. ಬ್ಯಾಟರಿ ಸೆಲ್ಲುಗಳನ್ನು ಮನೆಯಲ್ಲೇ ಮರೆತು, ಅಲ್ಲಿನ ಒಂದು ಪೆಟ್ಟಿಗೆ ಅಂಗಡಿಯಲ್ಲಿ, ಎಷ್ಟು ಬೇಸಿಗೆ ಕಂಡಿದ್ದವೋ ಏನೋ, ಬಣ್ಣ ಮಾಸಿದ ಸೆಲ್ಲು ಕೊಂಡೆ. ಸೆಲ್ಲು ಸೊರಗಿದರೆ ಕ್ಯಾಮೆರಾ ನಿಧಾನವಾಗಿ ಓಡುತ್ತದೆ. ಕ್ಯಾಮೆರಾ ನಿಧಾನವಾಗಿ ಓಡಿದರೆ ಗೋಡೆಯ ಮೇಲೆ ಜನ ಜೋರಾಗಿ ಓಡುತ್ತಾರೆ. ದೇವಸ್ಥಾನದ ಹಾಸುಗಲ್ಲಿನ ಮೇಲೆ ಭಕ್ತಾದಿಗಳೆಲ್ಲ ಕಾಲು ಸುಟ್ಟವರ ಹಾಗೆ ಪ್ರದಕ್ಷಿಣೆ ಹಾಕುತ್ತಿದ್ದಾರೆ. ಮಧ್ಯಾಹ್ನದ ಬಿಸಿಲಿಗೆ ಕಾಲು ನಿಜವಾಗಿಯೂ ಸುಡುತ್ತಿತ್ತು ಎಂಬುದು ಬೇರೆ ಮಾತು. ಸೆಲ್ಲು ಹೊಸದೇ ಹಾಕಿ.

ಅಲ್ಲಿಂದ ಮಾದಿಹಳ್ಳಿ ಕಡೆಯ ಬಸ್ಸಿಗೆ ಕಾಯದೆ ಆಟೋದಲ್ಲಿ ಹಳೇಬೀಡಿಗೆ ಹೋದೆ. ಗೋಡೆಯ ಬುಡದಲ್ಲಿ ಸಾಲಾನೆಗಳು. ಅವನ್ನು ಈ ತುದಿಯಿಂದ ಆ ತುದಿಗೆ ಕ್ಯಾಮೆರಾ ತಿರುಗಿಸುತ್ತ ಒಂದೇ ಉಸಿರಿನಲ್ಲಿ ಹಿಡಿದೆ. ಬಂದದ್ದು ರಾಗಿ ಅಂಬಲಿ. ಕ್ಯಾಮೆರಾವನ್ನು ಬೀಸಬೇಡಿ. ಒಂದು ಕಡೆ ನಿಲ್ಲಿಸಿ, ಮನಸ್ಸಿನಲ್ಲೇ ಹತ್ತು ಎಣಿಸಿ, ಗುಂಡಿ ಬಿಟ್ಟು, ಆಮೇಲೆ ಮುಂದಕ್ಕೆ ಹೋಗಿ. ಹಾಗೆ ಮಾಡಿದ್ದರೂ ಏನು ಬರುತ್ತಿತ್ತು ಅನ್ನುವುದು ಬೇರೆ ಪ್ರಶ್ನೆ. ಹೆಜ್ಜೆ ಎತ್ತಿದ ಆನೆ ಒಂಬೈನೂರು ವರ್ಷದಿಂದ ಹೆಜ್ಜೆ ಎತ್ತಿಯೇ ಇದೆ. ಓಡುವುದನ್ನು ನಿಲ್ಲಿಸಿ ತೋರಿಸುವ ವಿದ್ಯೆಯಲ್ಲಿ ಆ ಶಿಲ್ಪಿಗಳು ಪಳಗಿದ್ದವರು. ಅದರ ಮುಂದೆ ಓಡಿಸಿ ತೋರಿಸುವ ಯಂತ್ರ ಹಿಡಿದು ನಿಂತ ನನಗೆ, ನಾಗರಹೊಳೆಗೆ ಹೋಗಬೇಕಾದವಳು ತಪ್ಪಿ ಇಲ್ಲಿ ಇಳಿದೆನೇನೋ ಅನ್ನಿಸಿತು.

ಉಳಿದದ್ದು ಒಂದು ಡಬ್ಬಿ.

ಮೊದಲು ಅಟ್ಟದ ಮೇಲೇ ತೆಗೆಯಬೇಕೆಂದಿದ್ದೆ. ಅಲ್ಲಿ ಹೆಂಚಿನ ಸಂದಿಯಿಂದ ಬರುವ ಬೆಳಕು ನಮ್ಮ ಕಣ್ಣಿಗೆ ಸಾಕು, ರೀಲಿಗೆ ಸಾಲದು. ಈ ಸಣ್ಣ ರೀಲಿಗೆ ಬೆಳಕಿನ ಹಸಿವು ಬಹಳ. ಭಾವ ಕಾಯಿಗಳನ್ನು ಅಂಗಳಕ್ಕೆ ಇಳಿಸಿಕೊಟ್ಟರು. ಬೆಳಗಿನ ಬಿಸಿಲು ಪಕ್ಕದಿಂದ ಬೀಳುತ್ತಿತ್ತು. ಸ್ಟ್ಯಾಂಡು ನಿಲ್ಲಿಸಿ, ಕ್ಯಾಮೆರಾ ಬಿಗಿದು, ಕಣ್ಣಿಟ್ಟು ನೋಡಿದರೆ ಅಕ್ಕ ಇಲ್ಲ. ಸೀರೆ ಬದಲಾಯಿಸಲು ಹೋಗಿದ್ದಳು. ಬಂದು ಕೂತಳು, ಬೆನ್ನು ನೆಟ್ಟಗೆ, ಕೈ ಸೆರಗಿನೊಳಗೆ.

"ಕಾಯಿ ತಗೋ ಅಕ್ಕ."

"ಆ ಮೂರು ಕಾಲಿಂದು ಅಲ್ಲಿ ನಿಂತ್ಕಂಡು ನನ್ನೇ ನೋಡ್ತೈತೆ. ಹೆಣ್ಣು ನೋಡಾಕೆ ಬಂದೋರು ನೋಡ್ದಂಗೆ."

ಕಾದೆ. ಅವಳೂ ಕಾದಳು. ಸ್ಟ್ಯಾಂಡು ಇರುವವರೆಗೆ ಇದು ಫೋಟೋ ಆಗಿಯೇ ಉಳಿಯುತ್ತದೆ, ಕೆಲಸ ಆಗುವುದಿಲ್ಲ ಅಂತ ನನಗೆ ಅರ್ಥವಾಯಿತು. ಕ್ಯಾಮೆರಾ ಬಿಚ್ಚಿ ಕೈಗೆ ತೆಗೆದುಕೊಂಡೆ. ಭಾವ ಸ್ಟ್ಯಾಂಡನ್ನು ಎತ್ತಿ ಕೊಟ್ಟಿಗೆಯ ಪಕ್ಕ ನಿಲ್ಲಿಸಿ, ಎತ್ತರ ಸರಿಯಾಗಿದೆ ಎಂದು ಕಂಡು, ತಮ್ಮ ಒದ್ದೆ ಟವೆಲ್ಲನ್ನು ಅದರ ಮೇಲೆ ಹರವಿದರು. ಅಕ್ಕ ಅದನ್ನು ನೋಡಿ ನಕ್ಕಳು. ನಗುತ್ತಲೇ ಕೈ ಹೊರಗೆ ಬಂತು, ಒಂದು ಕಾಯಿ ಎತ್ತಿಕೊಂಡಿತು.

"ನಂಗೀಗ ಸುಲಭ ಕಣೇ" ಅಂದಳು ಕಿವಿಯ ಹತ್ತಿರ ಹಿಡಿದು. "ಅಲ್ಲಾಡ್ಸೋ ಕೆಲ್ಸ ಕೈಯೇ ಮಾಡ್ಕತೈತೆ. ನಾನು ಕಿವಿ ಕೊಟ್ರೆ ಆತು."

ನಾನು ಗುಂಡಿ ಒತ್ತಿದೆ. ಕ್ಯಾಮೆರಾ ಗರ್ರ್ ಅಂತು. ಅಕ್ಕ ಒಂದು ಕ್ಷಣ ಅದರತ್ತ ಕಿವಿ ಓರೆ ಮಾಡಿದಳು. "ನಿಂದೂ ಒಣಗೈತೆ. ಒಡೀಬೋದು."

ಕೈಯಲ್ಲಿ ಹಿಡಿದು ತೆಗೆಯುವವರು ಮೊಳಕೈಯನ್ನು ಪಕ್ಕೆಗೆ ಒತ್ತಿಕೊಳ್ಳಬೇಕು, ಗೋಡೆಗೆ ಒರಗಬೇಕು, ಉಸಿರು ಬಿಡುತ್ತ ಗುಂಡಿ ಒತ್ತಬೇಕು. ಇದೆಲ್ಲ ನನಗೆ ಆಗಲೇ ಗೊತ್ತಿತ್ತು. ಒಂದನ್ನೂ ಮಾಡಲಿಲ್ಲ. ಅದು ಯಾಕೆ ಎಂದು ಹೇಳಲಾರೆ. ವಯಸ್ಸು ಅನ್ನಬಹುದು, ಆಯಾಸ ಅನ್ನಬಹುದು. ಅಷ್ಟು ಚಿಕ್ಕ ಕಿಂಡಿಯಲ್ಲಿ ಅಕ್ಕನ ಕೈಯೊಂದನ್ನೇ ನೋಡುತ್ತ ನಿಂತವಳ ಕೈ ಎಷ್ಟು ಗಟ್ಟಿಯಿರುತ್ತದೆ ಎಂದು ನೀವೂ ನಿಂತು ನೋಡಬೇಕು. ರೀಲು ಮುಗಿದ ಮೇಲೇ ನನಗೆ ಇನ್ನೊಂದು ಹೊಳೆದದ್ದು. ಶಬ್ದ ಕೇಳಿ ಮಾಡುವ ಕೆಲಸವನ್ನು ನಾನು ಶಬ್ದವಿಲ್ಲದ ರೀಲಿನಲ್ಲಿ ಹಿಡಿದಿದ್ದೆ. ಅರಸೀಕೆರೆಯಲ್ಲಿ ಹುಟ್ಟಿ, ಕೊಬ್ಬರಿಯ ಲೊಟಲೊಟ ಕೇಳುತ್ತಲೇ ಬೆಳೆದು, ಇತಿಹಾಸದಲ್ಲಿ ಎಂ.ಎ. ಮಾಡಿದವಳ ಬುದ್ಧಿ ಇದು. ಮನೆಗೆ ಬಂದು ಡೈರಿಯಲ್ಲಿ ಬರೆದೆ: ಅಕ್ಕನ ಕೈ ಇವತ್ತು ಬಹಳ ನಡುಗುತ್ತಿತ್ತು.

ರೀಲು ಬರುವ ಹೊತ್ತಿಗೆ ಅಕ್ಕ ಕಾಯಿ ಆರಿಸುವುದನ್ನು ಬಿಟ್ಟಿದ್ದಳು. ಮಾತ್ರೆ ಬದಲಾಗಿತ್ತು. ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದಳು. ಕಾಯಿಗುಡ್ಡೆಯ ಮುಂದೆ ಈಗ ಭಾವ ಕೂರುತ್ತಿದ್ದರು, ಅನುಮಾನ ಬಂದದ್ದನ್ನು ಅವಳ ಕಿವಿಯ ಹತ್ತಿರ ಒಯ್ದು ಅಲ್ಲಾಡಿಸಿ ಕೇಳುತ್ತಿದ್ದರು. ಪ್ರೊಜೆಕ್ಟರ್ ಹೊತ್ತುಕೊಂಡು ಕಣಕಟ್ಟೆಯ ಬಸ್ಸು ಹತ್ತಿದಾಗ, ಇಳಿಯುವ ಮೊದಲೇ ವಾಪಸ್ಸು ಹೋಗಿಬಿಡಲೇ ಅನ್ನಿಸಿತು. ಅವಳು ಮತ್ತೆ "ಅಳಿಸ್ಬಿಡೇ" ಅಂದರೆ? ಇದನ್ನು ಅಳಿಸಲು ಬರುವುದಿಲ್ಲ. ಸುಡಬೇಕು.

ಹಗಲು ಹೊತ್ತು. ಕತ್ತಲೆ ಎಲ್ಲಿದೆ ಎಂದು ಹುಡುಕಿದರೆ ಅಟ್ಟವೇ. ತೆಗೆಯಲು ಯಾವ ಕತ್ತಲೆ ಅಡ್ಡಿಯಾಗಿತ್ತೋ ತೋರಿಸಲು ಅದೇ ಬೇಕಾಯಿತು. ಅಕ್ಕನ ತೋಳು ಹಿಡಿದು ಮೆಟ್ಟಿಲು ಹತ್ತಿಸಿದೆವು. ಭಾವನ ಪಂಚೆಯನ್ನು ತೊಲೆಗೆ ಇಳಿಬಿಟ್ಟು, ಕಾಯಿಗಳ ನಡುವೆ ಮೂವರೂ ಕೂತೆವು.

ಪಂಚೆಯ ಮೇಲೆ ಅಂಗಳ ಮೂಡಿತು, ಅಲ್ಲಾಡುತ್ತ. ಕಂಬ ಅಲ್ಲಾಡುತ್ತಿತ್ತು. ಗೋಡೆ ಅಲ್ಲಾಡುತ್ತಿತ್ತು. ಕಾಯಿಗುಡ್ಡೆ, ಕೊಟ್ಟಿಗೆ, ಟವೆಲ್ಲು, ಅಕ್ಕನ ಮುಖ, ಅಕ್ಕನ ಕೈ ಎಲ್ಲವೂ ಒಟ್ಟಿಗೆ ಅಲ್ಲಾಡುತ್ತಿದ್ದವು. ಅವಳು ಕಾಯಿಯನ್ನು ಕಿವಿಯ ಹತ್ತಿರ ತಂದಳು, ಸದ್ದಿಲ್ಲ. ಆಗ ಕತ್ತಲೆಯಲ್ಲಿ ಭಾವ ಪಕ್ಕದಿಂದ ಒಂದು ಕಾಯಿ ಎತ್ತಿಕೊಂಡು, ಪಂಚೆಯ ಮೇಲಿನ ಕೈಗೆ ಸರಿಯಾಗಿ ಅಲ್ಲಾಡಿಸಿದರು. ಲೊಟಲೊಟ. ಅವಳು ಮುಂದಿನದನ್ನು ಎತ್ತಿದಳು, ಇವರೂ ಎತ್ತಿದರು. ಯಾರೂ ಹೇಳಿಕೊಟ್ಟಿರಲಿಲ್ಲ. ರೀಲು ಮುಗಿಯುವವರೆಗೆ ಅವರು ಒಂದು ಕಾಯಿಯನ್ನೂ ತಪ್ಪಿಸಲಿಲ್ಲ.

ಬಿಳಿ ಪಂಚೆ ಮಾತ್ರ ಉಳಿಯಿತು. ನಾನು ಅಕ್ಕನ ಮಾತಿಗೆ ಕಾದೆ.

"ಅಯ್ಯೋ, ನಡುಗ್ತಿರೋಳು ನೀನು ಕಣೇ" ಅಂದಳು. "ನಾನೆಲ್ಲಿ ನಡುಗ್ತಿದೀನಿ? ಇನ್ನೊಂದು ಸಲ ಬಿಡು."

ಇನ್ನೊಂದು ಸಲ ಬಿಟ್ಟೆ. ಆಮೇಲೆ ಮತ್ತೊಂದು ಸಲ.

ಫೋನು ಹಿಡಿದವರ ಕೈನಡುಕವನ್ನು ಫೋನೇ ಸರಿಮಾಡಿಬಿಡುತ್ತದಂತೆ. ಆಮೇಲೆ ಒಬ್ಬ ಹಳೆಯ ವಿದ್ಯಾರ್ಥಿ ಹೇಳಿದ. ಅದಕ್ಕೇ ಅದರಲ್ಲಿ ಅಕ್ಕ ಒಬ್ಬಳೇ ನಡುಗಿದ್ದು. ಈ ಹಳೆಯ ಕ್ಯಾಮೆರಾಕ್ಕೆ ಅಂಥ ಉಪಕಾರ ಮಾಡಲು ಬರುವುದಿಲ್ಲ. ರೀಲನ್ನು ನಾನೂ ಮತ್ತೆ ಮತ್ತೆ ನೋಡಿದ್ದೇನೆ. ಎಷ್ಟು ಅವಳದು, ಎಷ್ಟು ನನ್ನದು ಎಂದು ಬಿಡಿಸಲಾಗಿಲ್ಲ. ನನ್ನ ಡೈರಿ ಒಂದು ಹೇಳುತ್ತದೆ, ರೀಲು ಅದಕ್ಕೆ ಸಾಕ್ಷಿ ನುಡಿಯುವುದಿಲ್ಲ. ಸಾಲದ್ದಕ್ಕೆ ಈಗೀಗ ಆ ಬೆಳಗನ್ನು ನೆನೆದರೆ ಪಂಚೆಯ ಸುಕ್ಕುಗಳ ಸಮೇತ ನೆನಪಾಗುತ್ತದೆ, ಸದ್ದು ಭಾವನ ಕಾಯಿಯದು. ಇತಿಹಾಸ ಓದಿದವಳಿಗೆ ಇದು ಸೋಲು ಅಂತಲೇ ಅನ್ನಿಸಬೇಕಿತ್ತು. ಯಾಕೋ ಅನ್ನಿಸಲಿಲ್ಲ.

ಅವತ್ತು ಅಟ್ಟ ಇಳಿಯುವಾಗ ಅಕ್ಕ ಕೇಳಿದಳು, "ಇನ್ನೊಂದು ಡಬ್ಬಿ ಐತಾ?"

"ತರಿಸ್ತೀನಿ ಅಕ್ಕ."

"ತರ್ಸು. ಆ ಮೂರು ಕಾಲಿಂದು ಬ್ಯಾಡ."

ಹೊಸಬರಿಗೆ ನಾನು ಈಗಲೂ ಹೇಳುವುದು ಅದನ್ನೇ: ಸ್ಟ್ಯಾಂಡ್ ಇಲ್ಲದೆ ತೆಗೆಯಬೇಡಿ. ಸ್ಟ್ಯಾಂಡ್ ಇಲ್ಲದವರು ಕಣಕಟ್ಟೆಗೆ ಹೋದರೆ ಕೊಟ್ಟಿಗೆಯ ಪಕ್ಕ ಒಂದು ನಿಂತಿದೆ. ಟವೆಲ್ಲು ತೆಗೆದಿಟ್ಟು ಒಯ್ಯಬಹುದು. ಸದ್ಯಕ್ಕೆ ನನಗೆ ಬೇಕಾಗಿಲ್ಲ.