ಕ್ಲಾಂಪು ಸಡಿಲಿಸಿದವಳು

ಮೌನೇಶ, ಆ ಮೇಜಿನ ಕ್ಲಾಂಪುಗಳನ್ನು ಸಡಿಲಿಸಿದವಳು ನಾನು. ನಿನ್ನ ಸೋದರಮಾವನ ಮಗಳು ಗಿರಿಜೆ. ಕೈತಪ್ಪಿ ಆದದ್ದಲ್ಲ, ಬೇಕೆಂದೇ ಮಾಡಿದ್ದು.

ಎಪ್ಪತ್ತೇಳರ ಬೇಸಿಗೆ. ಹೊನ್ನಾಳಿಯಲ್ಲಿ ಅಪ್ಪನ ಬಡಗಿ ಅಂಗಡಿ. ಕೆಲಸ ಕಲಿಯಲೆಂದು ಬಂದು ನಮ್ಮ ಮನೆಯಲ್ಲೇ ಬೆಳೆದವನು ನೀನು. ಇಬ್ಬರೂ ಒಂದೇ ವಯಸ್ಸಿನವರು, ಹೆಸರು ಹಿಡಿದು ಕರೆದುಕೊಂಡೇ ದೊಡ್ಡವರಾದೆವು. ಅಪ್ಪ ನಿನಗೆ ಹೇಳಿಕೊಟ್ಟದ್ದನ್ನೆಲ್ಲ ನಾನು ನಡುಬಾಗಿಲಲ್ಲಿ ನಿಂತು ಕಲಿತೆ. ಅಂಟು ಆರುವವರೆಗೆ ಹಲಗೆಗಳನ್ನು ಒತ್ತಿ ಹಿಡಿಯುವುದು ಕ್ಲಾಂಪು; ಅಂಚಿಗೆ ಸಣ್ಣದು, ಅಗಲದ ಹಲಗೆಗೆ ಉದ್ದನೆಯದು. ಕಬ್ಬಿಣ ಮರವನ್ನು ಕಚ್ಚದಂತೆ ನಡುವೆ ಒಂದು ಚೂರು ಮರ. ಹಲಗೆ ಬಾಗದಂತೆ ಒಂದು ಕ್ಲಾಂಪು ಮೇಲಿಂದ, ಇನ್ನೊಂದು ಕೆಳಗಿಂದ. ಸಂದಿನಲ್ಲಿ ಅಂಟು ಸಾಸಿವೆ ಕಾಳಿನಷ್ಟು ಉಕ್ಕಿತೋ, ಕೈ ನಿಲ್ಲಿಸಬೇಕು — ಇನ್ನೂ ತಿರುಗಿಸಿದರೆ ಅಂಟೆಲ್ಲ ಹೊರಗೆ ಬಂದು ಸಂದು ಬರಿದಾಗುತ್ತದೆ. ನಾನೂ ಒಮ್ಮೆ ಬಿಗಿಯುತ್ತೇನೆ ಎಂದದ್ದಕ್ಕೆ ಅಪ್ಪ ನಕ್ಕಿದ್ದ. "ನೀನು ರೊಟ್ಟಿ ಬಡಿ, ಸಾಕು."

ನ್ಯಾಮತಿಯ ಜವಳಿ ವ್ಯಾಪಾರಿಯೊಬ್ಬರು ಬಟ್ಟೆ ಹರವಲು ದೊಡ್ಡ ಸಾಗುವಾನಿ ಮೇಜು ಮಾಡಿಕೊಡಲು ಹೇಳಿದರು. ಅಪ್ಪ ಅದನ್ನು ಪೂರ್ತಿ ನಿನಗೇ ಬಿಟ್ಟ. ಈ ಮೇಜು ಮುಗಿಯಲಿ, ಇಬ್ಬರಿಗೂ ಮದುವೆ ಮಾಡಿಬಿಡೋಣ ಅಂದ. ನನ್ನನ್ನು ಯಾರೂ ಕೇಳಲಿಲ್ಲ. ನಾನೇ ಅವ್ವನಿಗೆ ಹೇಳಿದೆ, ನನಗೆ ಬೇಡ ಅಂತ.

"ಮನ್ಯಾಗೇ ಬೆಳೆದ ಹುಡುಗ. ಬ್ಯಾಡ ಅನ್ನಾಕೆ ಏನೈತೆ ಅವನಲ್ಲಿ?" ಅಂದಳು.

ಬೇಡವೆನ್ನುವಂಥದ್ದು ನಿನ್ನಲ್ಲಿ ಏನೂ ಇರಲಿಲ್ಲ, ನಿಜ. ಆದರೆ ಒಳ್ಳೆಯವನು ಅನ್ನುವ ಒಂದೇ ಕಾರಣಕ್ಕೆ — ಬಿಡು. ಅಪ್ಪನಿಗೂ ಹೇಳಿದೆ. ಅವನು ಉಳಿ ಮಸೆಯುವುದನ್ನೂ ನಿಲ್ಲಿಸಲಿಲ್ಲ.

ಅವತ್ತು ನೀನು ನಾಲ್ಕು ಹಲಗೆಗೆ ಅಂಟು ಹಚ್ಚಿ, ಜೋಡಿಸಿ, ಆರು ಕ್ಲಾಂಪು ಬಿಗಿದೆ. ಅಷ್ಟು ಚೆನ್ನಾಗಿ ಅಪ್ಪನೂ ಬಿಗಿಯುತ್ತಿರಲಿಲ್ಲ. ಆಮೇಲೆ ನೀನು ಹೊಳೆಗೆ ಸ್ನಾನಕ್ಕೆ ಹೋದೆ, ಅಪ್ಪ ಮರ ಕೊಯ್ಯಿಸಲು ಸಾಮಿಲ್ಲಿಗೆ ಹೋದ. ಅಂಟು ಅರ್ಧ ಆರಿ ಹಿಡಿಯತೊಡಗಿತ್ತು. ನಾನು ಒಂದೊಂದಾಗಿ ಆರನ್ನೂ ಸಡಿಲಿಸಿದೆ. ನಡುವಿನ ಸಂದನ್ನು ಕೈಯಿಂದ ಅಲುಗಿಸಿದೆ. ಮತ್ತೆ ಇದ್ದ ಹಾಗೆಯೇ ಬಿಗಿದೆ. ಆರುತ್ತಿರುವ ಅಂಟನ್ನು ಒಮ್ಮೆ ಕದಲಿಸಿದರೆ ಮುಗಿಯಿತು, ಆಮೇಲೆ ಎಷ್ಟು ಬಿಗಿದರೂ ಅದು ಹಿಡಿಯುವುದಿಲ್ಲ. ನೋಡುವವರ ಕಣ್ಣಿಗೆ ಮಾತ್ರ ಗೊತ್ತಾಗುವುದಿಲ್ಲ. ಮುಗಿಸಿ ಒಳಗೆ ಹೋಗಿ ರೊಟ್ಟಿ ಬಡಿದೆ. ಅದನ್ನೂ ಹೇಳಬೇಕು.

ತಿಂಗಳೊಳಗೆ, ಮದುವೆಗೆ ದಿನ ನೋಡುವ ಮೊದಲೇ, ಮೇಜು ಎತ್ತಿನ ಗಾಡಿಯಲ್ಲಿ ವಾಪಸು ಬಂತು, ನಡುವೆ ಬೆರಳು ತೂರುವಷ್ಟು ಬಾಯಿ ಬಿಟ್ಟುಕೊಂಡು. ಬೀದಿಯ ಜನ ನೆರೆದರು.

"ನಾ ಸರಿಯಾಗೇ ಬಿಗಿದಿದ್ದೆ ಮಾವ," ಅಂದೆ ನೀನು — ಒಂದೇ ಸಲ.

ಅಪ್ಪ ಎಲ್ಲರಿಗೂ ಕೇಳುವ ಹಾಗೆ ಅಂದ: "ಎರಡು ಹಲಗೆ ಕೂಡಿಸಾಕೆ ಬರದವನಿಗೆ ಮಗಳನ್ನ ಹೆಂಗೆ ಕೊಡ್ಲೋ?"

ನಾನು ಬಾಗಿಲಲ್ಲೇ ಇದ್ದೆ. ಆಗ ಬಾಯಿ ತೆರೆದಿದ್ದರೆ — ತೆರೆಯಲಿಲ್ಲ. ಮರುದಿನ ನೀನು ಉಳಿ, ಕೊಡತಿ ಎಲ್ಲ ಬಿಟ್ಟು ಹೊರಟುಹೋದೆ. ಕೆಲವು ವರ್ಷಕ್ಕೆ ಅಪ್ಪನ ಕಣ್ಣು ಮಂಜಾಯಿತು, ಅಂಗಡಿ ನನ್ನ ಕೈಗೆ ಬಂತು. ಈಗ ಚನ್ನಗಿರಿಯಿಂದಲೂ ಜನ ಬಂದು ನನ್ನ ಹತ್ತಿರ ಕೆಲಸ ಮಾಡಿಸುತ್ತಾರೆ. ನಾನು ಬಯಸಿದ್ದೆಲ್ಲ ಸಿಕ್ಕಿತು — ನೀನು ನಿಲ್ಲಬೇಕಾಗಿದ್ದ ಜಾಗದಲ್ಲಿ ನಿಂತು.

ಹೋದ ವರ್ಷ ಜಗಳೂರಿನ ಶೇಂಗಾ ಮಂಡಿಯಲ್ಲಿ ನಿನ್ನನ್ನು ಕಂಡೆ. ಚೀಲದ ಬಾಯಿ ಹೊಲಿಯುತ್ತಾ ಕೂತಿದ್ದೆ ನೀನು. ಚಹಾ ಕುಡಿಯುವಾಗ ನಾನು ಕೇಳಿದೆ, ಮತ್ತೆ ಉಳಿ ಹಿಡಿಯಲಿಲ್ಲವೇನೋ ಅಂತ.

"ನನ್ನ ಕೈನೇ ಸರಿ ಇಲ್ಲ ಬಿಡು ಗಿರಿಜಾ," ಅಂತ ನೀನು ನಕ್ಕೆ. "ಅವತ್ತು ಎಲ್ಲಿ ತಪ್ಪಿದೆ ಅಂತ ಇವತ್ತಿಗೂ ಯೋಚ್ನೆ ಮಾಡ್ತೀನಿ. ಗೊತ್ತೇ ಆಗಲ್ಲ."

ಗೊತ್ತಿದ್ದವಳು ಎದುರಿಗೇ ಕೂತಿದ್ದೆ. ಲೋಟ ಕೆಳಗಿಟ್ಟೆ. ಹೊನ್ನಾಳಿ ಕಡೆಯ ಬಸ್ಸು ಬಂತು, ಹತ್ತಿಬಿಟ್ಟೆ. ಕ್ಲಾಂಪು ಸಡಿಲಿಸಿದ್ದಕ್ಕಿಂತ ಇದು ದೊಡ್ಡ ತಪ್ಪು.

ಮೊನ್ನೆ ಅಪ್ಪನಿಗೆ ಎಲ್ಲ ಹೇಳಿದೆ. ಬಾಗಿಲು ಹಾಕಿ ಬಾ ಅಂದ. ಆಮೇಲೆ, "ಈಗ್ಯಾಕೆ ಅದು? ನನ್ನ ಮರ್ಯಾದೇನೂ ಹೋಗ್ತೈತೆ. ಸುಮ್ನೆ ಮುಚ್ಚಿಡು," ಅಂದ.

ಮುಚ್ಚಿಡುವುದಿಲ್ಲ. ಮದುವೆ ಬೇಡವೆಂದದ್ದಕ್ಕೆ ನಾನು ಯಾರ ಮುಂದೆಯೂ ತಲೆ ತಗ್ಗಿಸುವುದಿಲ್ಲ. ಅಂಗಡಿ ನಡೆಸುವುದಕ್ಕೂ ಇಲ್ಲ. ನನ್ನ ಮಾತಿಗೆ ಕಿವಿಗೊಡದವರು ಅಪ್ಪ, ಅವ್ವ. ನಾನು ಕೆಡಿಸಿದ್ದು ಮಾತ್ರ ನಿನ್ನ ಹೆಸರನ್ನು. ಅದಕ್ಕೆ ನನ್ನ ಬಳಿ ಸಮಜಾಯಿಷಿ ಇಲ್ಲ.

ಮತ್ತೆ ಬಾಯಿ ಕಟ್ಟಬಾರದೆಂದು ಇದನ್ನೆಲ್ಲ ಬರೆದುಕೊಂಡಿದ್ದೇನೆ. ನಾಳೆ ಬೆಳಗಿನ ಬಸ್ಸಿಗೆ ಜಗಳೂರಿಗೆ ಬರುತ್ತೇನೆ. ಮಂಡಿಯಲ್ಲಿ ಹಮಾಲರೆಲ್ಲ ಇರುವಾಗಲೇ ಓದಿ ಹೇಳುತ್ತೇನೆ — ನಿನ್ನನ್ನು ಹಳಿದದ್ದು ನಾಲ್ಕು ಜನರ ಮುಂದೆ ತಾನೆ. ಬೈಯಿ, ಎದ್ದು ಹೋಗು, ನಿನ್ನಿಷ್ಟ. ಕ್ಷಮಿಸು ಅಂತ ಮಾತ್ರ ಕೇಳುವುದಿಲ್ಲ ಮೌನೇಶ. ಕ್ಷಮಿಸುವ ಕೆಲಸವನ್ನೂ ನಿನ್ನ ತಲೆಗೇ ಕಟ್ಟುವ ಹಕ್ಕು ನನಗಿಲ್ಲ.