ಫೋನಿನಲ್ಲಿ ಕೇಳಿದ ದ್ರಾಕ್ಷಿ

ತೊಂಬತ್ತರ ದಶಕದಲ್ಲಿ ನಾನು ಸೌದಿಯ ರಾಬಿಗ್‌ನ ರಿಫೈನರಿಯಲ್ಲಿದ್ದಾಗ ನಮ್ಮ ವಿಭಾಗಕ್ಕೆ ಇಟಲಿಯ ಒಬ್ಬ ಎಂಜಿನಿಯರ್ ಬಂದ. ಮಂಗಳೂರು ಕಡೆಯ ನಮ್ಮೊಡನೆ ಸೇರಿ ಸೇರಿ "ಎಂತ ಮಾರಾಯ" ಅನ್ನುವುದನ್ನು ಕಲಿತು, ಬೇಕಾದಲ್ಲಿ ಬೇಡದಲ್ಲಿ ಹೇಳುತ್ತಿದ್ದ. ಅವನ ಮನೆಯವರದ್ದು ಗುಡ್ಡದ ಮೇಲಿನ ದ್ರಾಕ್ಷಿತೋಟ, ಅಜ್ಜನ ಕಾಲದಿಂದಲೂ ವೈನ್ ಮಾಡುವ ಕುಟುಂಬ. ಇಂಥವನು ವೈನಿನ ಒಂದು ಹನಿಯೂ ಕಣ್ಣಿಗೆ ಬೀಳದ ದೇಶಕ್ಕೆ ಬಂದು, ಕ್ಯಾಂಟೀನಿನಲ್ಲಿ ಮಜ್ಜಿಗೆ ಕುಡಿಯುತ್ತ ನನ್ನೆದುರು ಕೂತಿರುತ್ತಿದ್ದ.

ಅವರದ್ದು ಎರಡು ಬಗೆಯ ವೈನಂತೆ. ಗುಡ್ಡದ ಕೆಳಗಿನ ದ್ರಾಕ್ಷಿಯದ್ದು ಹಗುರ, ಆ ವರ್ಷವೇ ಊಟದ ಜೊತೆ ಕುಡಿದು ಮುಗಿಸುವುದು. ಮೇಲಿನದ್ದು ದೊಡ್ಡ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಲಗಬೇಕು. ಮೊದಲ ಗುಟುಕಿಗೆ ಬಾಯೆಲ್ಲ ಒಗರು, ಆಮೇಲೆ ಒಣಗಿದ ಗುಲಾಬಿಯ ಪರಿಮಳ. ಅವನು ಹೇಳುವಾಗ ನನ್ನ ಬಾಯಲ್ಲಿ ನೀರೂರಿ ಮಜ್ಜಿಗೆ ಸಪ್ಪೆಯಾಗುತ್ತಿತ್ತು. ನಾನೂ ಬಿಡುವವನಲ್ಲ. ಕ್ರಿಸ್‌ಮಸ್ಸಿಗೆ ನಮ್ಮಮ್ಮ ಭರಣಿಯಲ್ಲಿ ಹಾಕುವ ವೈನಿನ ಬಗ್ಗೆ ಜಂಬ ಕೊಚ್ಚಿದ್ದೆ.

ಒಂದು ವರ್ಷ ಚಳಿಗಾಲದಲ್ಲಿ ಅವನ ಅಪ್ಪ ತೀರಿಕೊಂಡರು. ತೋಟ ಅಕ್ಕನ ಕೈಗೆ ಬಂತು. ಅಪ್ಪನಿಲ್ಲದ ಮೊದಲ ಕೊಯ್ಲಿಗೆ ಇವನು ಊರಿನಲ್ಲಿರಲೇಬೇಕಿತ್ತು. ಆದರೆ ದೇಶ ಬಿಡುವ ಪರವಾನಗಿಗೆ ಸಹಿ ಹಾಕಬೇಕಾದ ಕಫೀಲ್, ಅಂದರೆ ನಮ್ಮ ವೀಸಾದ ಧಣಿ, ವಿದೇಶಕ್ಕೆ ಹೋಗಿದ್ದ, ಪಾಸ್‌ಪೋರ್ಟ್ ಆಫೀಸಿನ ತಿಜೋರಿಯಲ್ಲಿತ್ತು.

ಅವರ ಮನೆಯಲ್ಲೊಂದು ಪದ್ಧತಿ. ಕೊಯ್ಯುವ ಮುಂಚೆ ದ್ರಾಕ್ಷಿಯ ಬೀಜವನ್ನು ಜಗಿದು ನೋಡುತ್ತಾರೆ. ಎಳೆಯದಾದರೆ ಹಸಿ ಕಹಿ, ಹಲ್ಲಿಗೆ ಮೆತ್ತಗೆ. ಮಾಗಿದ್ದರೆ ಕರುಂ ಎನ್ನುತ್ತದೆ. ಇಬ್ಬರು ಜಗಿದು ಇಬ್ಬರೂ ಸೈ ಅಂದ ಮೇಲೆಯೇ ಕತ್ತರಿ ಹಿಡಿಯುವುದು. ಇಷ್ಟು ವರ್ಷ ಅಪ್ಪ ಮತ್ತು ಅಕ್ಕ. ಈಗ ಅಕ್ಕ ಒಬ್ಬಳೇ. ಬೇಗ ಕೊಯ್ದರೆ ಪೀಪಾಯಿಯಲ್ಲಿ ಮಲಗಿದ ಮೇಲಿನ ವೈನ್ ಏಳುವುದೇ ಇಲ್ಲ, ಒಗರಾಗಿಯೇ ಉಳಿಯುತ್ತದೆ; ತಡ ಮಾಡಿದರೆ ಮಳೆ ಬಂದು ಗೊಂಚಲು ಕೊಳೆಯುತ್ತದೆ. ವರ್ಷವಿಡೀ ದುಡಿದದ್ದೆಲ್ಲ ಹೋದ ಹಾಗೆ.

"ಅದಕ್ಕೆಂತ ತಲೆಬಿಸಿ? ಎಳತಾದರೆ ಸ್ವಲ್ಪ ಹೆಚ್ಚು ಸಕ್ಕರೆ ಹಾಕಿದರಾಯ್ತಲ್ಲ ಮಾರಾಯ! ನಮ್ಮಮ್ಮ ಹಾಗೇ ಮಾಡುವುದು" ಎಂದೆ ನಾನು.

ಅವನು ನನ್ನನ್ನು ನೋಡಿದ ನೋಟ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮಜ್ಜಿಗೆಯ ಲೋಟ ಎತ್ತಿಕೊಂಡು ಬೇರೆ ಮೇಜಿಗೆ ಹೋದ.

ಶುಕ್ರವಾರ ಬೆಳಿಗ್ಗೆ ಊರಿಗೆ ಫೋನ್ ಮಾಡಲು ನಾವೆಲ್ಲ ಪೇಟೆಯ ಟೆಲಿಫೋನ್ ಕ್ಯಾಬಿನ್ನಿಗೆ ಹೋಗುತ್ತಿದ್ದೆವು. ಆ ಶುಕ್ರವಾರ ಅವನು ಒಂದು ಕಿವಿಗೆ ಬೆರಳಿಟ್ಟು, ಇನ್ನೊಂದಕ್ಕೆ ರಿಸೀವರ್ ಒತ್ತಿಕೊಂಡು ಕಣ್ಣು ಮುಚ್ಚಿದ. ಆ ತುದಿಯಲ್ಲಿ ಅಕ್ಕ ಅಡುಗೆಮನೆಯಲ್ಲಿ ನಿಂತು ಫೋನಿಗೆ ಬಾಯಿ ತಾಗಿಸಿ ಬೀಜ ಜಗಿಯುತ್ತಿದ್ದಳು! ಇವನು ಕೇಳಿದ. ಇನ್ನೊಂದು ಗೊಂಚಲಿನದು ಜಗಿಯಲು ಹೇಳಿ ಮತ್ತೆ ಕೇಳಿದ. ಕೊನೆಗೆ ಕೆಳಗಿನದನ್ನು ಕೊಯ್ಯಿರಿ, ಮೇಲಿನದು ಈಗಲೇ ಬೇಡ ಎಂದ. ಅಲ್ಲಿ ಆಗಲೇ ಮೋಡ ಕಟ್ಟಿತ್ತಂತೆ.

ಆ ವಾರ ಅವನಿಗೆ ಊಟ ಸೇರಲಿಲ್ಲ. ಮುಂದಿನ ಶುಕ್ರವಾರ ಮತ್ತೆ ಜಗಿದಳು. ಈ ಸಲ ಅವನು ರಿಸೀವರನ್ನು ನನ್ನ ಕಿವಿಗೂ ಹಿಡಿದ. ಕರುಂ! ಸಮುದ್ರದಾಚೆಯ ಗುಡ್ಡದ ಬಿಸಿಲು ನನ್ನ ಕಿವಿಯಲ್ಲಿ ಒಡೆದಂತಾಯಿತು.

"ಈಗ" ಎಂದ ಅವನು.

ಆಮೇಲಿನ ಶುಕ್ರವಾರ ಕ್ಯಾಬಿನ್ನಿನ ಹೊರಗೆ ಉದ್ದ ಸಾಲಿತ್ತು. ಕೊನೆಯ ಬುಟ್ಟಿ ಒಳಗೆ ಬಂದ ಸಂಜೆಯೇ ಆಲಿಕಲ್ಲು ಮಳೆ ಸುರಿಯಿತೆಂದು ಅಕ್ಕ ಹೇಳಿದಳಂತೆ. ಅಪ್ಪ ಇದ್ದಿದ್ದರೂ ಇದೇ ದಿನ ಹೇಳುತ್ತಿದ್ದರು ಎಂದಳಂತೆ. ಅವನು ಗೋಡೆಗೆ ಹಣೆ ಒತ್ತಿ ನಿಂತ. ರಿಸೀವರನ್ನು ನನ್ನ ಕೈಗಿಟ್ಟ.

ಅಕ್ಕ ಉದ್ದ ವಯರು ಎಳೆದುಕೊಂಡು ಫೋನನ್ನು ನೆಲಮಾಳಿಗೆಗೆ ಒಯ್ದು, ಮೇಲಿನ ತೋಟದ ದ್ರಾಕ್ಷಿಯ ತೊಟ್ಟಿಯ ಮೇಲೆ ಹಿಡಿದಿದ್ದಳು. ಕಾದ ಕಾವಲಿಗೆ ನೀರುದೋಸೆ ಹೊಯ್ದಾಗ ಬರುವಂಥ ಸದ್ದು. ಆದರೆ ಇದು ನಿಲ್ಲುತ್ತಲೇ ಇರಲಿಲ್ಲ. ರಸ ಹುಳಿತು ವೈನ್ ಹುಟ್ಟುತ್ತಿತ್ತು, ನಾನು ಅದನ್ನು ರಾಬಿಗ್‌ನಲ್ಲಿ ನಿಂತು ಕೇಳುತ್ತಿದ್ದೆ.

"ಯಲ್ಲಾ, ಯಲ್ಲಾ!" ಬೇಗ ಮುಗಿಸು ಎಂದು ಸಾಲಿನಲ್ಲಿ ಹಿಂದಿದ್ದವರು ಬಾಗಿಲು ಬಡಿದರು. ನಮ್ಮಮ್ಮನಿಗೆ ಫೋನ್ ಮಾಡುವ ನನ್ನ ಸರದಿಯೂ ಬಂದಿತ್ತು. ಆದರೂ ರಿಸೀವರನ್ನು ಕಿವಿಯಿಂದ ತೆಗೆಯಲು ನನಗೆ ಮನಸ್ಸಾಗಲಿಲ್ಲ.