ದೊಡ್ಡವ್ವನ ಹಲಗೆಯ ಮೇಲೆ ನನ್ನ ಕಪ್ಪು

ದೊಡ್ಡವ್ವನ ಬಲಗೈ ಹೆಬ್ಬೆರಳು ನೆಟ್ಟಗಿರಲಿಲ್ಲ. ವರ್ಷಗಟ್ಟಲೆ ಕುಂಬಾರರ ತಿಗರಿಯ ಮೇಲೆ ಹಸಿ ಮಣ್ಣು ಒತ್ತಿ ಒತ್ತಿ ಅದು ಹಿಂದಕ್ಕೆ ಬಾಗಿತ್ತು. ಉಗುರಿನ ಸಂದಿಯಲ್ಲಿ ಕೆರೆಯ ಮಣ್ಣು ಸದಾ ಇರುತ್ತಿತ್ತು. ಆಕೆ ಮಾಡುವ ಚಹಾ ಕಪ್ಪಿಗೆ ಹಿಡಿಕೆ ಇರಲಿಲ್ಲ. ಕಪ್ಪು ಇನ್ನೂ ಹಸಿಯಾಗಿರುವಾಗ ಆ ಹೆಬ್ಬೆರಳಿನಿಂದ ಅದರ ಹೊಟ್ಟೆಗೆ ಒಂದು ಗುಳಿ ಒತ್ತುತ್ತಿದ್ದಳು. ಕುಡಿಯುವವರ ಹೆಬ್ಬೆರಳು ತಾನಾಗಿಯೇ ಹೋಗಿ ಅಲ್ಲಿ ಕೂರುತ್ತಿತ್ತು.

ಯಲವಿಗಿಯಲ್ಲಿ ಎಲ್ಲರೂ ದೊಡ್ಡವ್ವ ಅನ್ನುತ್ತಿದ್ದ ಆಕೆಯ ಮನೆಯ ಹಿಂದಿನ ಖೋಲಿಯಲ್ಲಿ ನಾನು ಐದು ವರ್ಷ ಬಾಡಿಗೆಗಿದ್ದೆ. ಹಿರೇಕೆರೂರು ಕಡೆಯವಳು, ಶಾಲೆಯಲ್ಲಿ ಕಲಿಸುವ ಕೆಲಸ ಸಿಕ್ಕು ಬಂದಿದ್ದೆ, ಊರವರ ಬಾಯಲ್ಲಿ ಅಕ್ಕೋರು. ಅದಕ್ಕೂ ಮೊದಲು ಮೂರು ಮನೆ ನೋಡಿದ್ದೆ. ಮೂರೂ ಕಡೆ ನಳ ತೋರಿಸಿದರು, ಬಟ್ಟೆ ಒಣಗಿಸುವ ಜಾಗ ತೋರಿಸಿದರು, ಕೊನೆಗೆ ನಾನು ಯಾವ ಪೈಕಿ ಅಂತ ಕೇಳಿದರು. ಹೇಳಿದ ಮೇಲೆ ಯಾರೂ ಬೈಯಲಿಲ್ಲ. ಊರಿಂದ ಅಣ್ಣ ಬರುತ್ತಾನೆ, ಖೋಲಿ ಅವನಿಗೆ ಬೇಕು ಅಂದರು. ಮೂರು ಮನೆಯ ಅಣ್ಣಂದಿರೂ ಅದೇ ವಾರ ಬರುವವರಿದ್ದರು! ದೊಡ್ಡವ್ವ ಮಾತ್ರ ಏನೂ ಕೇಳಲಿಲ್ಲ. ನಾನೂ ಬಾಯಿ ಮುಚ್ಚಿಕೊಂಡು ಟ್ರಂಕು ಒಳಗೆ ತಂದಿಟ್ಟೆ.

ಅವತ್ತಿನಿಂದ ನನ್ನ ಅಂಜಿಕೆ ಶುರುವಾಯಿತು. ಹೆದರುವುದರಲ್ಲಿ ನಾನು ಮೊದಲೇ ಗಟ್ಟಿ. ಇಲ್ಲಿ ಅದಕ್ಕೆ ಕಾರಣವೂ ಸಿಕ್ಕಿತು. ಶಾಲೆ ಬಿಟ್ಟು ಬಂದ ಕೂಡಲೇ ದೊಡ್ಡವ್ವ ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಡುತ್ತಿದ್ದಳು, ಅದೂ ಮಣ್ಣಿನ ಕಪ್ಪಿನಲ್ಲಿ. ಸ್ಟೀಲ್ ಲೋಟವಾದರೆ ಬೂದಿ ಹಚ್ಚಿ ತಿಕ್ಕಿ ಒಳಗೆ ತೆಗೆದುಕೊಳ್ಳಬಹುದು. ಮಣ್ಣಿಗೆ ಆ ದಾರಿ ಇಲ್ಲ. ಬಾಯಿ ಹಚ್ಚಿದವರನ್ನು ಅದು ಒಳಗೆ ಎಳೆದುಕೊಂಡುಬಿಡುತ್ತದೆ, ಮೈಲಿಗೆ ಅಂತ ತಿಳಿದರೆ ಒಡೆಯುವುದೊಂದೇ ಅಂತ ನಮ್ಮ ಕಡೆ ನೋಡಿ ಬೆಳೆದವಳು ನಾನು. ಒಳಗೆ ಕಿಟಕಿಯ ಪಕ್ಕ ಒಂದು ಹಲಗೆ ಇತ್ತು. ಅದರ ಮೇಲೆ ದೊಡ್ಡವ್ವನದು, ಆಕೆಯ ಮಗಳದು, ನನ್ನದು, ಮೂರು ಕಪ್ಪುಗಳು ಒಂದಕ್ಕೊಂದು ತಾಗಿಕೊಂಡು ಕೂತಿರುತ್ತಿದ್ದವು. ನನ್ನ ವಿಷಯ ತಿಳಿದ ದಿನ ಮೂರನ್ನೂ ಒಡೆಯುತ್ತಾರೆ, ಖೋಲಿಯೂ ಹೋಗುತ್ತದೆ. ಹಿತ್ತಲಲ್ಲಿ ಆಕೆ ಬಿರುಕು ಬಿಟ್ಟ ಮಡಕೆಯನ್ನು ಕುಟ್ಟಿ ಹಾಕುವ ಸದ್ದು ಕೇಳಿದರೂ ನಾನು ಕಿಟಕಿಯಲ್ಲಿ ಇಣುಕಿ ಹಲಗೆಯ ಮೇಲೆ ಮೂರು ಕಪ್ಪು ಇವೆಯೇ ಅಂತ ನೋಡುತ್ತಿದ್ದೆ.

ಆದರೂ ಆ ಚಹಾ ಬಿಡಲು ಆಗಲಿಲ್ಲ. ಹೊಸ ಕಪ್ಪನ್ನು ದೊಡ್ಡವ್ವ ಅಕ್ಕಿ ಗಂಜಿಯಲ್ಲಿ ಕುದಿಸಿ ಆಮೇಲೆ ಬಳಸಲು ಕೊಡುತ್ತಿದ್ದಳು. ಮೊದಲ ವಾರ ಚಹಾಕ್ಕೆ ಮಣ್ಣಿನ ರುಚಿ ಇರುತ್ತಿತ್ತು. ತಿಂಗಳು ಕಳೆದಂತೆ ಕಪ್ಪು ಹಾಲಿನ ಜಿಡ್ಡು ಕುಡಿದು ಕಂದಾಗಿ, ಅಂಗೈಗೆ ನುಣುಪಾಗುತ್ತಿತ್ತು. ನಾನು ಗಡಿಬಿಡಿಯಿಂದ ಕುಡಿದು ಏಳಲು ನೋಡಿದರೆ ಆಕೆ ತಡೆಯುತ್ತಿದ್ದಳು.

"ಅವಸರ ಮಾಡಬ್ಯಾಡ್ರಿ ಅಕ್ಕೋರ. ಮೊದಲ ಕೈ ಬೆಚ್ಚಗ ಆಗ್ಲಿ, ಆಮ್ಯಾಲ ಬಾಯಿ."

ಬಾಯಿ ಜೋರಿನ ಹೆಂಗಸು. ಯಾರಾದರೂ ಕಪ್ಪನ್ನು ಷೋಕೇಸಿನಲ್ಲಿ ಇಡಲು ಬೇಕು ಅಂದರೆ ಕೊಡುತ್ತಲೇ ಇರಲಿಲ್ಲ. ದಿನಾ ಚಹಾ ಹಾಕುವವರಿಗೆ ಮಾತ್ರ ಕೊಡುತ್ತೇನೆ ಅಂತ ಮುಖಕ್ಕೆ ಹೇಳಿ ಕಳಿಸುತ್ತಿದ್ದಳು.

ಎರಡನೆಯ ವರ್ಷ ಒಂದು ಸಂಜೆ, ಸ್ಟೇಷನ್ ಹತ್ತಿರದ ಚಹಾದಂಗಡಿಯವರ ಹೆಂಡತಿ ಬಂದರು. ಅವರ ಅಂಗಡಿಗೆ ತಿಂಗಳಿಗೊಮ್ಮೆ ದೊಡ್ಡವ್ವನ ಕಪ್ಪುಗಳು ಬುಟ್ಟಿ ತುಂಬ ಹೋಗುತ್ತಿದ್ದವು. ಬೇರೆ ದೊಡ್ಡ ಗಿರಾಕಿ ಆಕೆಗೆ ಇರಲಿಲ್ಲ. ಮೂವರಿಗೂ ಚಹಾ ಬಂತು. ಆ ಹೆಂಗಸು ಕಪ್ಪು ಕೈಯಲ್ಲಿ ಹಿಡಿದೇ, ಅಕ್ಕೋರು ಯಾವ ಪೈಕಿ ಅಂತ ಕೇಳಿದರು. ಬಿಸಿ ಚಹಾ ಬೆರಳ ಮೇಲೆ ಚೆಲ್ಲಿದರೂ ಕೈ ಅಲುಗಿಸಲು ಧೈರ್ಯವಾಗಲಿಲ್ಲ.

"ನಮ್ಮ ಪೈಕಿನ ಅದಾರ," ಅಂದಳು ದೊಡ್ಡವ್ವ. "ಚಹಾ ಆರತೈತಿ, ಕುಡೀರಿ."

ಆ ಹೆಂಗಸು ಕುಡಿದರು, ನಾಲ್ಕು ಮಾತಾಡಿ ಹೋದರು. ನನ್ನ ಹೆದರಿಕೆ ಇಮ್ಮಡಿಯಾಯಿತು. ಇಷ್ಟು ದಿನ ನಾನು ಸುಮ್ಮನಿದ್ದದ್ದು ಮಾತ್ರ, ಈಗ ನನ್ನ ತಲೆಯ ಮೇಲೆ ಒಂದು ಸುಳ್ಳೂ ಕೂತಿತ್ತು. ತಡೆಯಲಾರದೆ, ನಾನು ನಿಮ್ಮ ಪೈಕಿ ಅಲ್ಲ ದೊಡ್ಡವ್ವಾ ಅಂತ ಹೇಳಿಯೇಬಿಟ್ಟೆ. ಆಕೆ ಕಪ್ಪುಗಳನ್ನು ಎತ್ತಿಡುತ್ತಲೇ ಉತ್ತರ ಕೊಟ್ಟಳು. ಅವತ್ತು ಮೊದಲ ಸಲ ನನ್ನನ್ನು 'ನೀ' ಅಂದಳು.

"ಗೊತ್ತೈತಿ. ಬಂದ ದಿನಾನ ಗೊತ್ತಾತು. ನೀ ಚಹಾ ಕುಡದು, ಕಪ್ ತೊಳದು, ಕಟ್ಟಿ ತುದಿಗೆ ಡಬ್ಬ ಹಾಕಿಟ್ಟಿ. ಮನ್ಯಾಗಿನ ಮಂದಿ ಯಾರರ ಹಂಗ ಇಡತಾರೇನ?"

ನಮ್ಮೂರ ಚಹಾದಂಗಡಿಯಲ್ಲಿ ಅಪ್ಪ ಕುಡಿದ ಲೋಟವನ್ನು ತಾನೇ ತೊಳೆದು ಹೊರಗೆ ಬೋರಲು ಇಡುತ್ತಿದ್ದ. ನಮ್ಮ ಕೇರಿಯವರೆಲ್ಲ ಹಾಗೇ ಇಡಬೇಕಿತ್ತು. ಬಾಯಿ ಎಷ್ಟು ಬಿಗಿಹಿಡಿದರೇನು, ನನ್ನ ಕೈ ಮೊದಲ ದಿನವೇ ಎಲ್ಲ ಹೇಳಿಬಿಟ್ಟಿತ್ತು. ದೊಡ್ಡವ್ವ ಆ ಬೋರಲು ಕಪ್ಪನ್ನು ಎತ್ತಿ ಒಳಗೆ ಒಯ್ದು ಹಲಗೆಯ ಮೇಲಿಟ್ಟಿದ್ದಳು. ಹಾಗಿದ್ದ ಮೇಲೆ ಈ ಸುಳ್ಳು ಯಾಕೆ ಅಂತ ಕೇಳಿದೆ.

"ಅಂಜಿಕಿ ಆತು. ಆಕಿ ಬುಟ್ಟಿ ಬಿಟ್ಟಳಂದ್ರ ನನ್ನ ತಿಗರಿ ನಿಂತಂಗ. ನಿನ್ನ ಕಪ್ ಒಳಗ ತಂದ ದಿನಾನೂ ಅಂಜಕೋತನ ತಂದಿದ್ದೆ."

ಮರುದಿನ ಬೆಳಿಗ್ಗೆ ತಿಗರಿ ತಿರುಗಲಿಲ್ಲ. ದೊಡ್ಡವ್ವ ಸೆರಗು ಹೊದ್ದು ಆ ಹೆಂಗಸಿನ ಮನೆಗೆ ಹೋಗಿ, ನಿನ್ನೆ ಹೇಳಿದ್ದು ಸುಳ್ಳು, ಅಕ್ಕೋರು ಇಂಥವರು, ನನ್ನ ಮನೆಯಲ್ಲೇ ಇರುತ್ತಾರೆ ಅಂತ ಹೇಳಿ ಬಂದಳಂತೆ. ಮಗಳು ಬಂದು ಇದನ್ನು ಹೇಳಿದಾಗ ನಾನು ಬಟ್ಟೆಗಳನ್ನು ಟ್ರಂಕಿಗೆ ತುಂಬತೊಡಗಿದೆ. ಆ ತಿಂಗಳಿಂದ ಸ್ಟೇಷನ್ ಅಂಗಡಿಗೆ ಬುಟ್ಟಿ ಹೋಗಲಿಲ್ಲ. ದೊಡ್ಡವ್ವ ದೇವತೆಯಲ್ಲ, ಮೂರು ದಿನ ನನ್ನ ಜೊತೆ ಸಿಡುಕಿದಳು, ಪಾತ್ರೆ ಕುಕ್ಕಿದಳು. ನಾಲ್ಕನೆಯ ದಿನ ಮಗಳ ಕೈಯಲ್ಲಿ ಹತ್ತು ಕಪ್ಪು ಕೊಟ್ಟು ತಡಸದ ಹೆದ್ದಾರಿಯ ಅಂಗಡಿಗಳಿಗೆ ತೋರಿಸಿ ಬಾ ಅಂತ ಬಸ್ಸು ಹತ್ತಿಸಿದಳು. ಅಲ್ಲಿ ತಗೊಂಡರು. ನನ್ನ ಟ್ರಂಕು ಖಾಲಿ ಮಾಡಲು ನನಗೆ ಇನ್ನೂ ಒಂದು ತಿಂಗಳು ಬೇಕಾಯಿತು.

ಆಮೇಲೆ ನನಗೆ ಹಾನಗಲ್ಲಿಗೆ ವರ್ಗವಾಯಿತು. ನನ್ನ ಕಪ್ಪನ್ನು ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ದೊಡ್ಡವ್ವನೇ ಕೊಟ್ಟಳು. ಹಾನಗಲ್ಲಿನಲ್ಲಿ ದಿನಾ ಎರಡು ಹೊತ್ತು ಅದರಲ್ಲೇ ಚಹಾ ಕುಡಿದೆ.

ಹೋದ ವರ್ಷ ಜ್ವರ ಬಂದು ಎಂಟು ದಿನ ಮಲಗಿ ದೊಡ್ಡವ್ವ ಹೋದಳು. ಮಣ್ಣಿಗೆ ಹೋಗಿ ಬಂದೆ. ಕೆಲವು ದಿನಗಳ ಮೇಲೆ ಮಗಳು ಫೋನ್ ಮಾಡಿ, ನಾಳೆ ಮನೆಗೆ ಬರ್ರಿ, ಬರುವಾಗ ನಿಮ್ಮ ಕಪ್ಪು ತಗೊಂಡು ಬರ್ರಿ ಅಂದಳು. ಯಾಕೆ ಅಂತ ಕೇಳುವಷ್ಟರಲ್ಲಿ ಫೋನ್ ಇಟ್ಟಿದ್ದಳು. ಬಸ್ಸಿನಲ್ಲಿ ಕಪ್ಪನ್ನು ತೊಡೆಯ ಮೇಲೆ ಹಿಡಿದು ಕೂತವಳಿಗೆ ಹಳೆಯ ಹೆದರಿಕೆಯೆಲ್ಲ ಎದ್ದು ಬಂತು. ಮುದುಕಿ ಇರುವತನಕ ನಡೆಯಿತು, ಈಗ ಬೀಗರು ನೆಂಟರು ಸೇರಿ ಲೆಕ್ಕ ತೀರಿಸುತ್ತಾರೆ ಅಂದುಕೊಂಡೆ.

ಅಂಗಳ ತುಂಬ ಜನವಿದ್ದರು. ಸ್ಟೇಷನ್ ಅಂಗಡಿಯ ಹೆಂಗಸೂ ಗೋಡೆಗೆ ಒರಗಿ ನಿಂತಿದ್ದರು. ಮನೆಯೊಳಗಿನ ಗಡಿಗೆ, ಮಡಕೆ ಎಲ್ಲ ಹೊರಗೆ ಬಂದಿದ್ದವು. ಸಾವಾದ ಮನೆಯಲ್ಲಿ ಸೂತಕ ಕಳೆಯುವ ದಿನ ಬಳಸಿದ ಮಣ್ಣಿನ ಸಾಮಾನು ಒಂದೂ ಉಳಿಯಬಾರದು ಅನ್ನುವುದು ಅವರ ಪದ್ಧತಿ. ಮಗಳು ತಾಯಿಯ ಕಪ್ಪನ್ನು ಒಡೆದಳು, ತನ್ನದನ್ನೂ ಒಡೆದಳು. ಆಮೇಲೆ ಎಲ್ಲರ ಎದುರಿಗೆ ನನ್ನ ಕಡೆ ತಿರುಗಿದಳು.

"ಮನೀ ಕಪ್ ಮೂರು, ಹಾನಗಲ್‌ದಾಗ ಒಂದೈತಿ, ಅದನ್ನ ಮರೀಬ್ಯಾಡ ಅಂತ ಅವ್ವ ಹೇಳಿ ಹೋಗ್ಯಾಳ್ರಿ."

ನಾನು ಸೀರೆಯ ತುಂಡು ಬಿಚ್ಚಿ, ಕಪ್ಪನ್ನು ಎತ್ತಿ ಕಲ್ಲಿಗೆ ಹಾಕಿದೆ. ಆ ಮನೆಯ ಸೂತಕ ನನಗೂ ಇತ್ತು.